ಛಾಯಾಚಿತ್ರ ಸ್ಪರ್ಧೆಗಳಲ್ಲಿ ತಿದ್ದುಪಡಿಯ ಎಲ್ಲೆ

ಬೆಂಗಳೂರಿನ ಡಾ. ಜಿ. ಥಾಮಸರ ಮುಂದಾಳುತನದಲ್ಲಿ 1953ರಲ್ಲಿ ಫೆಡರೇಶನ್ ಆಫ್ ಇಂಡಿಯನ್ ಫೋಟೋಗ್ರಫಿ ಸ್ಥಾಪಿತವಾದಾಗ ತಿದ್ದುಪಡಿಯೆಂಬುದು ಕತ್ತಲೆಕೋಣೆಯ ಕೆಲಸವಾಗಿತ್ತು. ಮುದ್ರಿಸುವಾಗ ಬೆಳಕಿಗೆ ಕೈ ಅಡ್ಡಹಿಡಿದರೆ ಆ ಭಾಗ ತಿಳಿಯಾಗುತ್ತಿತ್ತು, ಹೆಚ್ಚು ಬೆಳಕು ಬಿಟ್ಟರೆ ಕಪ್ಪಾಗುತ್ತಿತ್ತು. ಬರಿದಾದ ಆಕಾಶಕ್ಕೆ ಬೇರೊಂದು ನೆಗೆಟಿವಿನ ಮೋಡಗಳನ್ನು ಕೂಡಿಸುವುದೂ ಸಾಧ್ಯವಿತ್ತು. ಆದುದರಿಂದ ಈ ವಿವಾದವು ಗಣಕಯಂತ್ರದೊಡನೆ ಹುಟ್ಟಿತೆಂಬ ಮಾತು ಸಲ್ಲದು.

ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಪಿ.ಎಸ್.ಎ., ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಇವು ಮೂರೂ ಒಪ್ಪಿ 2015ರಲ್ಲಿ ಜಾರಿಗೆ ತಂದ ನಿಸರ್ಗವಿಭಾಗದ ವ್ಯಾಖ್ಯೆಯಂತೆ, ಧೂಳಿನ ಕಲೆಗಳನ್ನು ತೆಗೆಯುವುದು ಸಮ್ಮತ. ದೃಶ್ಯದಲ್ಲಿದ್ದುದನ್ನು ಅಳಿಸುವುದು, ಇಲ್ಲದುದನ್ನು ಸೇರಿಸುವುದು ನಿಷಿದ್ಧ. ಅಂಚನ್ನು ಕತ್ತರಿಸುವುದಕ್ಕೆ ಮಾತ್ರ ವಿನಾಯಿತಿ. ಮನುಷ್ಯನಿರ್ಮಿತ ವಸ್ತುಗಳೂ ಅನಗತ್ಯವಾಗಿ ಕಾಣಕೂಡದು. ವೈಟ್‌ಫೀಲ್ಡ್ ಬಳಿಯ ವರ್ತೂರು ಕೆರೆಯಲ್ಲಿ ಹೆಜ್ಜಾರ್ಲೆಯ ಹಿಂದೆ ವಿದ್ಯುತ್ ತಂತಿಯೊಂದು ಹಾದುಹೋಗಿದ್ದರೆ ಛಾಯಾಗ್ರಾಹಕನ ಪಾಡೇನು? ತಂತಿ ಇರಕೂಡದು, ಅಳಿಸಲೂ ಕೂಡದು, ಅಂಚಿನಲ್ಲಿದ್ದರೆ ಕತ್ತರಿಸಬಹುದು.

ಈ ವಿನಾಯಿತಿ ವಿಚಿತ್ರವೇ ಸರಿ. 2010ರ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಸ್ಟೆಪಾನ್ ರುಡಿಕ್ ತಮ್ಮ ಚಿತ್ರದ ಬಹುಭಾಗವನ್ನು ಕತ್ತರಿಸಿ, ಬಣ್ಣವನ್ನೂ ಕಳೆದಿದ್ದರು. ಆದರೆ ಬಹುಮಾನ ಕೈಬಿಟ್ಟದ್ದು ಪಾದದ ತುಣುಕೊಂದನ್ನು ಅಳಿಸಿದುದಕ್ಕೆ. ತೀರ್ಪುಗಾರರಿಗೆ ಈ ಭೇದ ಸಾಕಾದೀತು, ಇತಿಹಾಸಕಾರನಿಗೆ ಸಾಲದು. 2015ರಲ್ಲಿ ಅದೇ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿತು. ಚಿತ್ರದ ಅಂಚಿನಲ್ಲಿದ್ದ ನೊರೆಯನ್ನು ಕತ್ತರಿಸಿ ಹಕ್ಕಿಯನ್ನಷ್ಟೇ ಉಳಿಸಿಕೊಂಡರೆ ನಿಯಮಭಂಗವಾಗದು. ಮುಂದೆ ಆ ಕೆರೆಯ ಚರಿತ್ರೆಯನ್ನು ಬರೆಯುವವನು ಮಾತ್ರ ಬಹುಮಾನಿತ ಚಿತ್ರವನ್ನು ಬದಿಗಿಟ್ಟು, ಕತ್ತರಿಸದ ಮೂಲವನ್ನು ಹುಡುಕಬೇಕಾಗುತ್ತದೆ.