ಒಳದಾರಿ ಹಿಡಿದ ಪಾದ್ರಿ

ಆಫ್ರಿಕಾವನ್ನು ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಯವರೆಗೆ ದಾಟಿ 1856ರಲ್ಲಿ ಇಂಗ್ಲೆಂಡಿಗೆ ಮರಳಿದ ಡೇವಿಡ್ ಲಿವಿಂಗ್‌ಸ್ಟನ್ ಹೋದಲ್ಲೆಲ್ಲ ಒಂದೇ ಮಾತು ಹೇಳಿದ: ಜಾಂಬೆಜಿ ನದಿಯಲ್ಲಿ ಉಗಿದೋಣಿ ಓಡಿಸಬಹುದು, ಅದರ ಬೆನ್ನಿಗೇ ವ್ಯಾಪಾರ ಬರುತ್ತದೆ, ಕ್ರೈಸ್ತಧರ್ಮ ಬರುತ್ತದೆ, ಗುಲಾಮರ ಮಾರಾಟ ನಿಲ್ಲುತ್ತದೆ. ಸರ್ಕಾರ ನಂಬಿತು. 5,000 ಪೌಂಡ್ ಕೊಟ್ಟಿತು, ಕಾನ್ಸಲ್ ಹುದ್ದೆಯನ್ನೂ ಕೊಟ್ಟಿತು.

ಆದರೆ ಆ ನದಿಯ ಒಂದು ಭಾಗವನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಟೆಟೆ ಪಟ್ಟಣಕ್ಕೆ ಬರುವಾಗ ನದಿ ಬಿಟ್ಟು ಒಳದಾರಿ ಹಿಡಿದಿದ್ದ. ಬಿಟ್ಟುಹೋದ ಆ ಭಾಗದಲ್ಲೇ ಇತ್ತು ಕಹೋರಾ ಬಾಸಾ ಎಂಬ ಕಮರಿ.

1858ರಲ್ಲಿ ಅವನ ಅನ್ವೇಷಣೆಯ ತಂಡ ಹೊರಟಿತು. ದೋಣಿಯ ಹೆಸರು ‘ಮಾ ರಾಬರ್ಟ್’. ಲಿವಿಂಗ್‌ಸ್ಟನ್ನನ ಹೆಂಡತಿ ಮೇರಿಯನ್ನು ಆಫ್ರಿಕಾದ ಜನ ಹಿರಿಮಗನ ಹೆಸರು ಹಿಡಿದು ಹಾಗೆ ಕರೆಯುತ್ತಿದ್ದರು. ದೋಣಿಯ ಉಕ್ಕಿನ ತಗಡು ಅಂಗುಲದ ಹದಿನಾರನೇ ಒಂದು ಭಾಗದಷ್ಟೇ ದಪ್ಪ. ಒಂದು ದಿನ ಓಡಬೇಕಾದರೆ ಒಂದೂವರೆ ದಿನ ಸೌದೆ ಕಡಿಯಬೇಕು; ಬೆಲೆಬಾಳುವ ಕರಿಮರವೂ ಒಲೆಗೇ ಹೋಯಿತು. ಇಷ್ಟಾದರೂ ಹುಟ್ಟು ಹಾಕುವ ಸ್ಥಳೀಯರ ದೋಣಿಗಳು ಅದನ್ನು ಹಿಂದೆ ಹಾಕಿ ಹೋಗುತ್ತಿದ್ದವು. ತಂಡದವರು ಅದಕ್ಕೆ ‘ಉಬ್ಬಸದ ರೋಗಿ’ ಎಂದು ಅಡ್ಡಹೆಸರಿಟ್ಟರು. ತಗಡು ತುಕ್ಕು ಹಿಡಿದು ತೂತುಬಿತ್ತು. 1860ರ ಕೊನೆಗೆ ದೋಣಿ ಮರಳದಿಬ್ಬಕ್ಕೆ ಸಿಕ್ಕಿ ಮುಳುಗಿತು.

ಅಷ್ಟರಲ್ಲಿ ಕಹೋರಾ ಬಾಸಾದ ಗುಟ್ಟು ರಟ್ಟಾಗಿತ್ತು. 1858ರ ನವೆಂಬರಿನಲ್ಲಿ ಲಿವಿಂಗ್‌ಸ್ಟನ್ ಮತ್ತು ಸಸ್ಯಶಾಸ್ತ್ರಜ್ಞ ಜಾನ್ ಕರ್ಕ್ ಕಾದ ಬಂಡೆಗಳ ಮೇಲೆ ಹತ್ತಿಳಿದು ನೋಡಿದರೆ, ಇಕ್ಕಟ್ಟು ಕಮರಿಯಲ್ಲಿ ನದಿ ಭೋರ್ಗರೆದು ಧುಮುಕುತ್ತಿತ್ತು. ಪ್ರವಾಹ ಬಂದಾಗ ಬಲವಾದ ದೋಣಿಯಾದರೆ ಹತ್ತಬಹುದು ಎಂದು ಲಿವಿಂಗ್‌ಸ್ಟನ್ ಸರ್ಕಾರಕ್ಕೆ ಬರೆದ. ಹಟ ಎನ್ನದೆ ಇದಕ್ಕೆ ಬೇರೆ ಹೆಸರಿಲ್ಲ.

ಮುಂದೆ ಉಪನದಿ ಶೀರೆ ಹಿಡಿದು 1859ರಲ್ಲಿ ನ್ಯಾಸಾ ಸರೋವರ ತಲುಪಿದ್ದು ನಿಜವಾದ ಸಾಧನೆ. ಅದಕ್ಕೂ ಬೆಲೆ ತೆರಬೇಕಾಯಿತು: ಅವನು ತೆರೆದ ದಾರಿಯಲ್ಲೇ ಗುಲಾಮರ ವ್ಯಾಪಾರಿಗಳೂ ನುಗ್ಗಿದರು. 1862ರ ಏಪ್ರಿಲ್‌ನಲ್ಲಿ ಮೇರಿ ಶುಪಾಂಗಾದಲ್ಲಿ ಜ್ವರದಿಂದ ತೀರಿಕೊಂಡಳು. ಮರುವರ್ಷ ಸರ್ಕಾರ ತಂಡವನ್ನು ವಾಪಸು ಕರೆಸಿತು.

ಸರೋವರಕ್ಕೆಂದು ಸ್ವಂತ ಹಣ ಹಾಕಿ ಕಟ್ಟಿಸಿದ್ದ ‘ಲೇಡಿ ನ್ಯಾಸಾ’ ದೋಣಿ ಉಳಿದಿತ್ತು. ಅಲ್ಲೇ ಮಾರಿದರೆ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕೀತೆಂದು, ಆ ಪುಟ್ಟ ನದಿದೋಣಿಯನ್ನು 1864ರಲ್ಲಿ ತಾನೇ ನಡೆಸಿಕೊಂಡು ಹಿಂದೂ ಮಹಾಸಾಗರ ದಾಟಿ, ಮುಂಗಾರಿನ ಹೊಸ್ತಿಲಲ್ಲಿ ಬೊಂಬಾಯಿ ಮುಟ್ಟಿದ. ಅದು ಹಾಕಿದ ದುಡ್ಡಿನ ಅರ್ಧಕ್ಕಿಂತ ಕಡಿಮೆಗೆ ಮಾರಾಟವಾಯಿತು. ಆ ಹಣ ಇಟ್ಟ ಬ್ಯಾಂಕೂ ದಿವಾಳಿಯೆದ್ದಿತು. ಜೊತೆಗೆ ಬಂದಿದ್ದ ಹುಡುಗ ಚುಮಾ ಬೊಂಬಾಯಿಯ ಮಿಷನ್ ಶಾಲೆ ಸೇರಿದ. ಒಂಬತ್ತು ವರ್ಷಗಳ ಬಳಿಕ ಲಿವಿಂಗ್‌ಸ್ಟನ್ನನ ಶವವನ್ನು ಒಳನಾಡಿನಿಂದ ಕರಾವಳಿಗೆ ಹೊತ್ತು ತಂದ ತಂಡದ ಮುಂದಾಳುಗಳಲ್ಲಿ ಅವನೂ ಒಬ್ಬ.