ಬೇಲಿಯನ್ನು ನುಂಗಿದ ಕೆರೆ

ಫುಲೇರಾ ಜಂಕ್ಷನ್ ದಾಟಿದ್ದೇ ರಸ್ತೆ ಪಕ್ಕದ ಮಣ್ಣು ಬಿಳಿಚಿಕೊಳ್ಳತೊಡಗಿತು. ಜೈಪುರದಿಂದ ಎಂಬತ್ತು ಕಿಲೋಮೀಟರಿನಷ್ಟು ದಾರಿ. ಥಾರ್ ಮರುಭೂಮಿಯ ಪೂರ್ವದ ಅಂಚು. “ಅಪ್ಪ, ಪಿಕೆ ಸಿನಿಮಾದ ಶೂಟಿಂಗ್ ಆಗಿದ್ದು ಇಲ್ಲೇ” ಎಂದ ಮಗ, ಸ್ಟೇರಿಂಗ್ ಹಿಡಿದುಕೊಂಡೇ. ನನಗೆ ಸಿನಿಮಾ ಕಾಣಲಿಲ್ಲ, ಆಗರ ಕಂಡಿತು. ನಾನು ಗೋಕರ್ಣದ ಮಗ್ಗುಲಿನ ಸಾಣಿಕಟ್ಟೆಯವ, ಉಪ್ಪಿನಾಗರದ ಏರಿಯ ಮೇಲೆ ಸೈಕಲ್ ಕಲಿತವ.

ನಮ್ಮಲ್ಲಿ ಅಘನಾಶಿನಿಯ ಅಳಿವೆಯಲ್ಲಿ ಭರತ ಬಂದಾಗ ಸಮುದ್ರದ ನೀರು ತಾನಾಗಿ ಒಳಬರುತ್ತದೆ. ಇಲ್ಲಿನ ಉಪ್ಪಿನ ಕೆರೆ ಸಾಂಭರಿಗೆ ಸಮುದ್ರವೇ ಇಲ್ಲ. ಮೇಂಢಾ, ರೂಪನಗಢದಂಥ ಮಳೆಗಾಲದ ಹೊಳೆಗಳು ತಂದು ಸುರಿದ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲು ನೀರನ್ನಷ್ಟೇ ಕುಡಿದು ಉಪ್ಪನ್ನು ಬಿಟ್ಟುಹೋಗುತ್ತದೆ. ಕೆರೆಯ ನಡುವೆ ಐದು ಕಿಲೋಮೀಟರ್ ಉದ್ದದ ಕಲ್ಲಿನ ಕಟ್ಟೆ. ಅದರ ಪಶ್ಚಿಮದ ನೀರನ್ನು ಪೂರ್ವಕ್ಕೆ ಎತ್ತಿ ಕ್ಯಾರಿಗಳಿಗೆ ಬಿಡುತ್ತಾರೆ. ಆಗರದ ಗದ್ದೆಗೆ ಅವರು ಹೇಳುವುದು ಕ್ಯಾರಿ. ಒಂದರ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ನೀರಿಗೆ ಕೋಕಂ ಶರಬತ್ತಿನ ಬಣ್ಣ. ಉಪ್ಪುನೀರಿನಲ್ಲೇ ಬದುಕುವ ಸೂಕ್ಷ್ಮಜೀವಿಗಳ ಕೆಲಸ ಅದು. ಬೆರಳಿಂದ ಕೆದಕಿದರೆ ಮೇಲಿನ ಪದರ ಹಪ್ಪಳದ ಹಾಗೆ ಮುರಿಯಿತು, ಕೆಳಗೆ ಕಪ್ಪು ಕೆಸರು.

ಇಲ್ಲಿನ ಕತೆಯ ಪ್ರಕಾರ ಶಾಕಂಭರಿ ದೇವಿ ಕಾಡನ್ನು ಬೆಳ್ಳಿಯ ಬಯಲು ಮಾಡಿಕೊಟ್ಟಳಂತೆ. ಬೆಳ್ಳಿಗಾಗಿ ಬಡಿದಾಡಿಕೊಂಡೇವು ಎಂದು ಜನ ಹೆದರಿದಾಗ ಅದನ್ನೇ ಉಪ್ಪು ಮಾಡಿದಳಂತೆ. ಬಡಿದಾಟ ತಪ್ಪಲಿಲ್ಲ ಬಿಡಿ. 1708ರಲ್ಲಿ ಆಮೇರಿನ ಸವಾಯಿ ಜಯಸಿಂಗ, ಜೋಧಪುರದ ಅಜಿತಸಿಂಗ ಇಬ್ಬರೂ ಸೇರಿ ಮೊಘಲ್ ಸೈನ್ಯವನ್ನು ಇಲ್ಲೇ ಸೋಲಿಸಿದರು. ಕೆರೆ ಎರಡು ಮನೆತನಗಳ ಕೂಡುಸ್ವತ್ತಾಯಿತು.

ನಾನು ಇಷ್ಟು ದೂರ ಬಂದದ್ದು ಮಾತ್ರ ಒಂದು ಬೇಲಿಯ ಸಲುವಾಗಿ. ರಾಜಸ್ಥಾನದ ಅಗ್ಗದ ಉಪ್ಪು ತೆರಿಗೆ ಕೊಡದೆ ಬ್ರಿಟಿಷರ ಸೀಮೆಗೆ ನುಸುಳಬಾರದೆಂದು ಸಿಂಧೂ ನದಿಯ ಕಡೆಯಿಂದ ಒಡಿಶಾದ ಕಡೆಗೆ ಸುಮಾರು 4,000 ಕಿಲೋಮೀಟರ್ ಸುಂಕದ ಗಡಿ ಹಾಕಿದ್ದರು. ಅದರ ಒಂದು ಭಾಗ ಜೀವಂತ ಬೇಲಿ: ಜಾಲಿ, ಬೋರೆ, ಕವಳಿ, ಪಾಪಾಸುಕಳ್ಳಿ. ಕಾವಲಿಗೆ ಸುಮಾರು 12,000 ಜನ. ಗೆದ್ದಲು, ಬೆಂಕಿ, ಬಿರುಗಾಳಿಗೆ ಹಾಳಾದಲ್ಲಿ ಮತ್ತೆ ನೆಡಬೇಕು. ನಾಲ್ಕು ಗುಂಟೆ ಹಿತ್ತಲಿನ ಬೇಲಿ ಕಾಯುವುದೇ ನಮಗೆ ಸಾಕಾಗಿ ಹೋಗುತ್ತದೆ!

1867ರಿಂದ ಈ ಸುಂಕದ ಕಮಿಷನರ್ ಆಗಿದ್ದವನು ಅಲನ್ ಆಕ್ಟೇವಿಯನ್ ಹ್ಯೂಮ್. ಹಕ್ಕಿಗಳ ಹುಚ್ಚಿನವ, ಮುಂದೆ 1885ರಲ್ಲಿ ಕಾಂಗ್ರೆಸ್ ಹುಟ್ಟಿಸಿದವರಲ್ಲಿ ಒಬ್ಬ, ಅವನೇ. ಬೇಲಿಯನ್ನು ದಟ್ಟವಾಗಿ ಬೆಳೆಸಿದವನೂ ಅವನೇ, ಉಪ್ಪಿನ ವಿಷಯದಲ್ಲಿ ರಜಪೂತ ಅರಸರೊಡನೆ ಮಾತುಕತೆಗೆ ಕೂತವನೂ ಅವನೇ. 1869–70ರ ಒಪ್ಪಂದಗಳಲ್ಲಿ ಜೈಪುರ, ಜೋಧಪುರ ಎರಡೂ ಸಾಂಭರನ್ನು ಬ್ರಿಟಿಷರಿಗೆ ಗುತ್ತಿಗೆಗೆ ಕೊಟ್ಟವು. ಉಪ್ಪು ಹುಟ್ಟುವ ಜಾಗವೇ ಕೈಗೆ ಬಂದರೆ ಅದನ್ನು ದಾರಿಯಲ್ಲಿ ಅಡ್ಡಗಟ್ಟುವುದೇಕೆ? ಆಗರದಲ್ಲೇ ತೆರಿಗೆ ಕತ್ತರಿಸಿದರಾಯಿತು. 1879ರಲ್ಲಿ ಬೇಲಿಯನ್ನು ಕೈಬಿಟ್ಟರು. ಇದನ್ನು ಉದಾರ ಸುಧಾರಣೆ ಎಂದು ಹೊಗಳಿದವರುಂಟು. ನನಗೆ ಹಾಗನ್ನಿಸುವುದಿಲ್ಲ. ಎಲ್ಲ ಕಡೆ ಒಂದೇ ದರ ಇರಬೇಕೆಂದು ಉತ್ತರದಲ್ಲಿ ತೆರಿಗೆ ತುಸು ಇಳಿಸಿ, ಬೊಂಬಾಯಿ, ಮದರಾಸುಗಳಲ್ಲಿ ಏರಿಸಿದರು. ನಮ್ಮ ಜಿಲ್ಲೆ ಆಗ ಬೊಂಬಾಯಿ ಪ್ರಾಂತ್ಯದಲ್ಲಿತ್ತು. ನೋಡಿಯೇ ಇರದ ಬೇಲಿಯೊಂದು ಬಿದ್ದದ್ದಕ್ಕೆ ಸಾಣಿಕಟ್ಟೆಯ ಉಪ್ಪು ತುಟ್ಟಿಯಾಯಿತು. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲದಂಡೆಯಲ್ಲಿ ಜನ ಉಪ್ಪಿನ ಕಾನೂನು ಮುರಿದಾಗ ಆ ತೆರಿಗೆ ಇನ್ನೂ ಇತ್ತು.

ಬೇಲಿಯ ಗುರುತು ಸಾಂಭರಿನಲ್ಲಿ ಸಿಗುವಂಥದ್ದಲ್ಲ, ಅದು ಹಾದುಹೋದದ್ದು ಬೇರೆ ಕಡೆ. ಇಲ್ಲಿರುವುದು ಅದನ್ನು ಬೇಡವಾಗಿಸಿದ ನೀರು. ದೂರದಲ್ಲಿ ರಾಜಹಂಸಗಳು ತಲೆ ಕೆಳಗೆ ಹಾಕಿ ಮೇಯುತ್ತಿದ್ದವು. ಕಟ್ಟೆಯ ಪಕ್ಕದ ಸಣ್ಣ ರೈಲುಹಳಿಯ ಮೇಲೆ ಯಾರೋ ಹುಡುಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ವಾಪಸು ಬರುವಾಗ ಫುಲೇರಾದಲ್ಲಿ ಕಾರು ತೊಳೆಯುವ ಅಂಗಡಿ ಕಂಡು ನಿಲ್ಲಿಸಿದೆವು. ಹುಡುಗ ಏನೂ ಕೇಳಲಿಲ್ಲ. ಬಾನೆಟ್ಟು, ಗಾಜು ಯಾವುದನ್ನೂ ಮುಟ್ಟದೆ ಅಡ್ಡ ಮಲಗಿ ಪೈಪನ್ನು ಮೊದಲು ಕಾರಿನ ಅಡಿಗೇ ಹಿಡಿದ.