ಹಗ್ಗದ ಇನ್ನೊಂದು ತುದಿ

ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ, ಬೀದರ್ ನಿಲ್ದಾಣದಲ್ಲಿ ಭಾಲ್ಕಿ, ಔರಾದ್ ಬಸ್ಸಿಗೆ ಕಾಯುವ ಹುಡುಗರನ್ನು ನಾನು ಮಾತನಾಡಿಸುತ್ತಿದ್ದೆ. ಕೆಲವು ವರ್ಷಗಳ ಹಿಂದೆ ಔರಾದಿನವನೊಬ್ಬನನ್ನು ಕೇಳಿದೆ: ಟ್ಯಾಂಕ್ ತೊಳೆಯಲು ಇಳಿದಾಗ ಮೇಲೆ ಹಗ್ಗ ಹಿಡಿದು ಯಾರು ನಿಲ್ಲುತ್ತಾರೆ?

"ಯಾವ ಹಗ್ಗರೀ ಅಣ್ಣಾ?" ಎಂದ.

ಆ ಹಗ್ಗ 1948ರ ಕಾರ್ಖಾನೆಗಳ ಕಾಯ್ದೆಯಲ್ಲಿತ್ತು. 36ನೇ ಕಲಂ ಪ್ರಕಾರ, ವಿಷಾನಿಲ ಇರಬಹುದಾದ ಟ್ಯಾಂಕಿಗೆ ಇಳಿಯಲು ಒಳಗಿನ ಗಾಳಿ ಪರೀಕ್ಷಿಸಿದವರ ಲಿಖಿತ ಪ್ರಮಾಣಪತ್ರ ಬೇಕಿತ್ತು. ಇಲ್ಲವೇ ಉಸಿರಾಟದ ಸಾಧನ ತೊಟ್ಟಿರಬೇಕಿತ್ತು, ಸೊಂಟದ ಬೆಲ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಹೊರಗೊಬ್ಬ ಹಿಡಿದಿರಬೇಕಿತ್ತು.

1984ರ ಭೋಪಾಲ್ ದುರಂತದ ಬಳಿಕ, 1987ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ರಾಸಾಯನಿಕದ ಅಪಾಯವನ್ನು ಕಾರ್ಮಿಕನಿಗೆ ತಿಳಿಸುವುದು 41ಬಿ ಪ್ರಕಾರ ಆಡಳಿತದ ಹೊಣೆಯಾಗಿತ್ತು. ಪ್ರಾಣಾಪಾಯ ಕಂಡರೆ ಎಚ್ಚರಿಸುವುದು 41ಎಚ್ ಪ್ರಕಾರ ಕಾರ್ಮಿಕನ ಹಕ್ಕಾಗಿತ್ತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳಿಗೂ ಸೂಕ್ಷ್ಮಜೀವಿಗಳಿಗೂ ಪರಿಸರ ಕಾಯ್ದೆಯಡಿ ಪ್ರತ್ಯೇಕ ನಿಯಮಗಳು ಬಂದವು.

ನನ್ನನ್ನು ಕಾಡಿದ್ದು ಮಾತ್ರ 108ನೇ ಕಲಂ. ಸೂಚನಾ ಫಲಕ ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದಿತ್ತು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆ ನಮ್ಮದು. ಕನ್ನಡ, ಮರಾಠಿ, ಉರ್ದು, ತೆಲುಗು ಮನೆಮಾತಿನವರು ಒಂದೇ ಪಾಳಿಯಲ್ಲಿ ಸಿಗುತ್ತಾರೆ. ಬಹುಪಾಲು ಯಾರದು? ಆ ಹುಡುಗನ ಮನೆಮಾತು ಮರಾಠಿ, ಓದಿದ್ದು ಕನ್ನಡ ಶಾಲೆಯಲ್ಲಿ. ಅವನ ಕಾರ್ಖಾನೆಯ ಫಲಕ ಬರೀ ಇಂಗ್ಲಿಷಿನಲ್ಲಿತ್ತಂತೆ.

36ನೇ ಕಲಮನ್ನು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ.

"ಇದನ್ನ ಸಾಹೇಬ್ರಿಗೆ ತೋರ್ಸಿದ್ರ ನಾಳಿಗಿ ಕೆಲಸ ಇರ್ತದೇನ್ರೀ?"

ಬಸ್ ಬಂತು. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹತ್ತಿದ.